ಟೋಗಟಿ ಪಾಸ್‌ನಲ್ಲಿ ಮೂರು ಸ್ಲೆಡ್, ಒಂದು ಭುಜ

ಬೆಳಗ್ಗೆ ಹತ್ತೂವರೆ ಆಗಿತ್ತು. ಗೆಳೆಯ ಎದೆಮಟ್ಟದ ಹಿಮದಲ್ಲಿ ನಿಂತು ತನ್ನ ಸ್ಲೆಡ್‌ನ, ಅಂದ್ರೆ ಹಿಮದ ಮೇಲೆ ಓಡುವ ಸ್ನೋಮೊಬೈಲ್ ಗಾಡಿಯ, ಸ್ಟಾರ್ಟ್ ಮಾಡುವ ಹಗ್ಗ ಎಳೆಯುತ್ತಿದ್ದ. ಸ್ಲೆಡ್ ಒಂದು ಫರ್ ಮರದ ಬುಡದ ಗುಂಡಿಗೆ ಬಾಲ ಇಳಿಬಿಟ್ಟು, ಮೂತಿ ಆಕಾಶಕ್ಕೆ ಮಾಡಿಕೊಂಡು ಕೂತಿತ್ತು. ಒಂದು ಎಳೆತ, ಎರಡು, ಮೂರು. ನಾಲ್ಕನೆಯದಕ್ಕೆ ಹಗ್ಗ ಬಿಟ್ಟು ಬಲಭುಜ ಹಿಡಿದುಕೊಂಡ. ಹೆಲ್ಮೆಟ್ ಒಳಗಿಂದ ಬಂದ ಮಾತನ್ನು ಇಲ್ಲಿ ಬರೆಯುವ ಹಾಗಿಲ್ಲ.

ಅವತ್ತು ಅವನು ಹೀಗೆ ಹಿಮದಲ್ಲಿ ಸಿಕ್ಕಿಹಾಕಿಕೊಂಡದ್ದು, ನಮ್ಮ ಮಾತಲ್ಲಿ ಸ್ಟಕ್ ಆದದ್ದು, ಅದು ಮೂರನೇ ಸಲ. ನಾವು ಬಂದದ್ದು ಮಜಾ ಮಾಡುವುದಕ್ಕಷ್ಟೇ ಅಲ್ಲ, ಅವನಿಗೊಂದು ಹೊಸ ಸ್ಲೆಡ್ ಆರಿಸುವುದಕ್ಕೆ. 2025ರ ಫೆಬ್ರವರಿ ಕೊನೆ. ಜಾಗ ವಯೋಮಿಂಗ್‌ನ ಟೋಗಟಿ ಪಾಸ್, 9,658 ಅಡಿ ಎತ್ತರ. ನಾಲ್ಕು ಜನ, ನಾಲ್ಕು ಸ್ಲೆಡ್. ಒಬ್ಬನ ಹತ್ತಿರ ಸ್ಕೀ-ಡೂ ಸಮ್ಮಿಟ್ 850 ಟರ್ಬೊ ಆರ್, ಇನ್ನೊಬ್ಬನ ಹತ್ತಿರ ಆ ವರ್ಷವಷ್ಟೇ ಬಂದಿದ್ದ ಆರ್ಕ್ಟಿಕ್ ಕ್ಯಾಟ್ ಎಂ 858. ನನ್ನದು ಪೋಲಾರಿಸ್ ಆರ್‌ಎಂಕೆ 9ಆರ್. ಗೆಳೆಯನದು ಹತ್ತು ವರ್ಷ ಹಳೆಯ ಒಂದು 800 ಸಿಸಿ ಸ್ಲೆಡ್. ಯಾವ ಕಂಪನಿಯದ್ದು ಅನ್ನೋದು ಬೇಡ ಬಿಡಿ, ತನ್ನ ಆಯಸ್ಸಿಗೆ ತಕ್ಕ ಕೆಲಸ ಮಾಡಿದೆ. ನಾನು ಪೋಲಾರಿಸ್ ಕಡೆಯವನು ಅನ್ನೋದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ನಾನು ಹೇಳುವುದಕ್ಕೆಲ್ಲ ಸ್ವಲ್ಪ ಉಪ್ಪು ಹಾಕಿಕೊಂಡು ಓದಿ.

ಗೆಳೆಯನ ಬಗ್ಗೆ ನಾಲ್ಕು ಮಾತು ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ವಯಸ್ಸು ನಲವತ್ತೇಳು. ಜಾಕೆಟ್, ಬೂಟು, ಏರ್‌ಬ್ಯಾಗ್ ಇರುವ ಬೆನ್ನುಚೀಲ, ಸಲಿಕೆ ಎಲ್ಲಾ ಸೇರಿ ಸುಮಾರು 95 ಕೆಜಿ. ಓಡಿಸುವುದರಲ್ಲಿ ನಡುಮಟ್ಟ. ಅವನಿಗೆ ದೊಡ್ಡ ಬೋಳು ಇಳಿಜಾರುಗಳಲ್ಲಿ ಎಷ್ಟು ಎತ್ತರ ಹತ್ತಿದೆ ಎಂದು ಗೆರೆ ಎಳೆಯುವ ಚಟ ಇಲ್ಲ. ಮರಗಳ ನಡುವೆ ಸಂದುಗೊಂದು ಹುಡುಕಿಕೊಂಡು ಹೋಗುವುದೇ ಇಷ್ಟ. ಬಲಭುಜಕ್ಕೆ ಎರಡು ವರ್ಷದ ಹಿಂದೆ ಆಪರೇಷನ್ ಆಗಿದೆ. ಈ ಕೊನೆಯ ವಿಷಯವನ್ನು ಅವನು ತನ್ನ ಲೆಕ್ಕದಲ್ಲಿ ಎಲ್ಲೂ ಬರೆದಿರಲಿಲ್ಲ. ಅವನ ಲೆಕ್ಕ ಅಂದ್ರೆ ಒಂದು ಎಕ್ಸೆಲ್ ಹಾಳೆ. ಅದರಲ್ಲಿ ಮೂರೇ ಸಾಲು: ಪವರ್, ತೂಕ, ಹೊಸದೇನು.

ಐಡಾಹೊ ಫಾಲ್ಸ್‌ನಿಂದ ಟ್ರೇಲರ್ ಕಟ್ಟಿಕೊಂಡು ಬರುವಾಗ ದಾರಿಯುದ್ದಕ್ಕೂ ಆ ಹಾಳೆಯದ್ದೇ ಚರ್ಚೆ. ಟೀಟನ್ ಪಾಸ್‌ನಲ್ಲಿ ನವೆಂಬರ್ ಮಧ್ಯದಿಂದ ಏಪ್ರಿಲ್ 1ರ ತನಕ ಟ್ರೇಲರ್ ಬಿಡುವುದಿಲ್ಲ. ಹಾಗಾಗಿ ಆಲ್ಪೈನ್ ಮೇಲೆ, ಸ್ನೇಕ್ ನದಿಯ ಕಣಿವೆ ಸುತ್ತಿಕೊಂಡು ಬರಬೇಕು. ಜಗಳವಾಡುವುದಕ್ಕೆ ಬೇಕಾದಷ್ಟು ಹೊತ್ತು.

ಮೊದಲು ಪವರ್. ಇಲ್ಲೇ ಅವನ ಹಾಳೆಗೆ ಮೊದಲ ತೂತು ಬಿತ್ತು. ಸ್ಕೀ-ಡೂ ತನ್ನ ಅಂಕಿಯನ್ನು ಧೈರ್ಯವಾಗಿ ಅಚ್ಚು ಹಾಕುತ್ತದೆ: 850 ಇ-ಟೆಕ್‌ಗೆ 165 ಹಾರ್ಸ್‌ಪವರ್, ಟರ್ಬೊ ಆರ್‌ಗೆ 180. ಪೋಲಾರಿಸ್ ಹಾರ್ಸ್‌ಪವರ್ ಹೇಳುವುದೇ ಇಲ್ಲ. ಇಷ್ಟು ಪರ್ಸೆಂಟ್ ಜಾಸ್ತಿ, ಅಷ್ಟು ಪರ್ಸೆಂಟ್ ಜಾಸ್ತಿ ಎಂದು ತನ್ನದೇ ಇನ್ನೊಂದು ಎಂಜಿನ್‌ಗೆ ಹೋಲಿಸಿ ಹೇಳುತ್ತದೆ. ಅದರ ಟರ್ಬೊ (ಎಂಜಿನ್‌ಗೆ ಗಾಳಿಯನ್ನು ಒತ್ತಿ ತುಂಬುವ ಸಾಧನ) ಇರುವ ಎಂಜಿನ್ ಪೇಟ್ರಿಯಟ್ ಬೂಸ್ಟ್ ಬಂದಾಗ, ಟರ್ಬೊ ಇಲ್ಲದ 850ಕ್ಕಿಂತ ಸಮುದ್ರ ಮಟ್ಟದಲ್ಲಿ ಶೇಕಡಾ 10, ಹತ್ತು ಸಾವಿರ ಅಡಿಯಲ್ಲಿ ಶೇಕಡಾ 50 ಜಾಸ್ತಿ ಅಂದಿತ್ತು. ಜಾಣತನದ ಮಾತು, ಆದರೆ ಎಕ್ಸೆಲ್ ಹಾಳೆಯಲ್ಲಿ ತುಂಬುವುದಕ್ಕೆ ಆಗುವುದಿಲ್ಲ. ಆರ್ಕ್ಟಿಕ್ ಕ್ಯಾಟ್ ಕೂಡ ಈ ವಿಷಯದಲ್ಲಿ ಬಾಯಿ ಬಿಗಿ. ಮೂವರಲ್ಲಿ ಒಬ್ಬರೇ ಉತ್ತರಪತ್ರಿಕೆ ಕೊಟ್ಟರೆ ಮೊದಲ ರ‍್ಯಾಂಕ್ ಯಾರಿಗೆ ಕೊಡೋದು?

ಅದಕ್ಕಿಂತ ದೊಡ್ಡ ತೂತು ಎತ್ತರದ್ದು. ಮೇಲೆ ಹೋದಷ್ಟೂ ಗಾಳಿ ತೆಳು. ಟರ್ಬೊ ಇಲ್ಲದ ಎಂಜಿನ್ ಪ್ರತಿ 1,000 ಅಡಿಗೆ ಹೆಚ್ಚುಕಮ್ಮಿ ಶೇಕಡಾ 3ರಷ್ಟು ಪವರ್ ಕಳೆದುಕೊಳ್ಳುತ್ತದೆ. 8,000 ಅಡಿಗೆ ಬರುವಷ್ಟರಲ್ಲಿ 165 ಅನ್ನೋದು 125ರ ಹತ್ತಿರ ಇಳಿದಿರುತ್ತದೆ. ನಮ್ಮ ಸವಾರಿ ಶುರುವಾಗುವುದೇ ಹೆಚ್ಚುಕಮ್ಮಿ ಅಲ್ಲಿಂದ. ಅಂದ್ರೆ ದುಡ್ಡು ಕೊಡೋದು 165ಕ್ಕೆ, ಓಡಿಸೋದು 125ನ್ನು. ಸ್ಕೀ-ಡೂ ಟರ್ಬೊ ಆರ್ 8,000 ಅಡಿಯ ತನಕ 180ನ್ನು ಹಾಗೇ ಹಿಡಿದಿಡುತ್ತದೆ ಎನ್ನುತ್ತದೆ ಕಂಪನಿ. 2020ರ ಮಾದರಿಯಲ್ಲಿ ಅವರು ಫ್ಯಾಕ್ಟರಿಯಿಂದಲೇ ಟರ್ಬೊ ಹಾಕಿದ ಟು-ಸ್ಟ್ರೋಕ್ ಸ್ಲೆಡ್ ತಂದಾಗ ಬೆಟ್ಟದವರೆಲ್ಲ ಕಿವಿ ನೆಟ್ಟಗೆ ಮಾಡಿದ್ದು ಇದಕ್ಕೇ. ಅಲ್ಲಿಯವರೆಗೆ ಟರ್ಬೊ ಬೇಕು ಅಂದ್ರೆ ಹೊರಗಿನ ಕಿಟ್ ತಂದು, ವಾರಂಟಿಗೆ ಕೈ ಮುಗಿದು, ಗ್ಯಾರೇಜಿನಲ್ಲಿ ರಾತ್ರಿಗಟ್ಟಲೆ ಟ್ಯೂನ್ ಮಾಡಬೇಕಿತ್ತು. ಪೋಲಾರಿಸ್ 2022ರ ಮಾದರಿಯಲ್ಲಿ ಬೂಸ್ಟ್ ತಂದು ಉತ್ತರ ಕೊಟ್ಟಿತು. ಮರುವರ್ಷ ನನ್ನ 9ಆರ್ ಬಂತು: ಟರ್ಬೊ ಇಲ್ಲ, ಎಂಜಿನ್ ಮಾತ್ರ ದೊಡ್ಡದು, ಸುಮಾರು 900 ಸಿಸಿ. ತೂಕ ಬೇಡ, ಪವರ್ ಬೇಕು ಅನ್ನುವವರಿಗೆ. ಆರ್ಕ್ಟಿಕ್ ಕ್ಯಾಟ್ 858 ಕೂಡ ಟರ್ಬೊ ಇಲ್ಲದ್ದೇ.

ತೂಕದ ಕಥೆ ಇನ್ನೂ ಮಜಾ. ಎಲ್ಲರೂ ಅಚ್ಚು ಹಾಕುವುದು ಒಣ ತೂಕ, ಪೆಟ್ರೋಲ್ ಆಯಿಲ್ ಹಾಕದೆ ತೂಗಿದ್ದು. ಈ ಜಾತಿಯ ಸ್ಲೆಡ್‌ಗಳು 200 ಕೆಜಿಯ ಆಸುಪಾಸಿನಲ್ಲಿ ಓಡಾಡುತ್ತವೆ. ಒಂದಕ್ಕೂ ಇನ್ನೊಂದಕ್ಕೂ ಇರುವ ವ್ಯತ್ಯಾಸ ಬೆರಳೆಣಿಕೆಯ ಕೆಜಿಗಳದ್ದು. ಟರ್ಬೊ ಹಾಕಿದರೆ ಹತ್ತು ಕೆಜಿ ಆಸುಪಾಸು ಸೇರುತ್ತದೆ. ಆದರೆ ಒಣ ಸ್ಲೆಡ್ ಯಾರೂ ಓಡಿಸುವುದಿಲ್ಲ, ಅಲ್ವಾ? ಪೆಟ್ರೋಲ್ ಲೀಟರಿಗೆ ಮುಕ್ಕಾಲು ಕೆಜಿ. ಆರ್‌ಎಂಕೆ ಟ್ಯಾಂಕಿಗೆ 43 ಲೀಟರ್ ಚಿಲ್ಲರೆ ಹಿಡಿಯುತ್ತದೆ, ಅಂದ್ರೆ ಹತ್ತಿರ ಹತ್ತಿರ 32 ಕೆಜಿ. ಸಮ್ಮಿಟ್‌ನ ಟ್ಯಾಂಕು ಅದಕ್ಕಿಂತ ಚಿಕ್ಕದು. ಬ್ರೋಷರ್‌ನಲ್ಲಿ ಪೋಲಾರಿಸ್ ಗಳಿಸಿದ ಕೆಜಿಗಳನ್ನು ಬೆಳಗ್ಗೆ ಪಂಪಿನಲ್ಲೇ ವಾಪಸ್ ಕೊಟ್ಟಿರುತ್ತದೆ. ಮಧ್ಯಾಹ್ನದ ಹೊತ್ತಿಗೆ ಮತ್ತೆ ಗಳಿಸುತ್ತದೆ ಅನ್ನಿ. ನಾನು ಟ್ಯಾಂಕ್ ಪೂರ್ತಿ ತುಂಬಿಸುವುದನ್ನು ಬಿಟ್ಟಿದ್ದೇನೆ.

ಇನ್ನು ಹಿಮ. ಇದು ಯಾರ ಲೆಕ್ಕದಲ್ಲೂ ಇಲ್ಲ. ಓಡಿಸುತ್ತಾ ಓಡಿಸುತ್ತಾ ಟನಲ್ (ಸ್ಲೆಡ್ಡನ್ನು ತಳ್ಳುವ ರಬ್ಬರ್ ಪಟ್ಟಿ, ಅಂದ್ರೆ ಟ್ರ್ಯಾಕ್, ಸುತ್ತುವ ಗೂಡು) ಒಳಗೆ, ಕಾಲಿಡುವ ಹಲಗೆಗಳ ಮೇಲೆ, ಸಸ್ಪೆನ್ಷನ್ ಸಂದಿನಲ್ಲಿ ಹಿಮ ಮೆತ್ತಿಕೊಂಡು ಗಟ್ಟಿಯಾಗುತ್ತದೆ. ಹಿಂದಿನ ವರ್ಷ ಒಂದು ಸಂಜೆ ಗೆಳೆಯನ ಸ್ಲೆಡ್ಡನ್ನು ಹಾಗೇ ಬೆಚ್ಚನೆಯ ಗ್ಯಾರೇಜಿಗೆ ತಳ್ಳಿ, ಕೆಳಗೆ ಟ್ರೇ ಇಟ್ಟಿದ್ದೆವು. ಬೆಳಗ್ಗೆ ನೋಡಿದರೆ ಒಂದು ಬಕೆಟ್ ತುಂಬಿ ಇನ್ನೊಂದು ಅರ್ಧ ಆಗುವಷ್ಟು ನೀರು. ಅಳೆದೆವು, 14 ಲೀಟರ್. ಅಂದ್ರೆ 14 ಕೆಜಿ ಹಿಮವನ್ನು ಅವನು ಇಡೀ ದಿನ ಬೆಟ್ಟ ಹತ್ತಿಸಿದ್ದಾನೆ, ಪುಕ್ಕಟೆ. ಕಂಪನಿಗಳು ಎರಡು ಕೆಜಿ ಉಳಿಸಲು ಬೋಲ್ಟ್ ಬೋಲ್ಟ್ ಸಣ್ಣ ಮಾಡುತ್ತವೆ, ನಾವು ಒಂದೂವರೆ ಬಕೆಟ್ ನೀರು ಹೊತ್ತುಕೊಂಡು ತಿರುಗುತ್ತೇವೆ.

ಎಲ್ಲ ಕೂಡಿಸಿದೆವು. ಸ್ಲೆಡ್ 200, ಪೆಟ್ರೋಲ್ 27, ಆಯಿಲ್ ಕೂಲಂಟ್ 5, ಹಿಮ 14, ಸವಾರ 95. ಒಟ್ಟು 341 ಕೆಜಿ. ಟರ್ಬೊ ಆದರೆ 351. 8,000 ಅಡಿಯಲ್ಲಿ 125 ಹಾರ್ಸ್‌ಪವರ್‌ಗೆ 341 ಕೆಜಿ, 180ಕ್ಕೆ 351 ಕೆಜಿ. ಪ್ರತಿ ಕೆಜಿಗೆ ಸಿಗುವ ಪವರ್ ಟರ್ಬೊದಲ್ಲಿ ಶೇಕಡಾ 40 ಜಾಸ್ತಿ. ಅದೇ ಜಾಗದಲ್ಲಿ ಸ್ಲೆಡ್‌ನಿಂದ ಐದು ಕೆಜಿ ಕಿತ್ತು ಹಾಕಿದರೆ ಸಿಗುವುದು ಶೇಕಡಾ ಒಂದೂವರೆ. ಗೆಳೆಯ ಸ್ಟೀರಿಂಗ್ ಮೇಲೆ ಬಡಿದು, ಮುಗೀತಲ್ಲ, ಟರ್ಬೊ ತಗೊಳ್ಳೋದೇ ಅಂದ. ಕಾಗದದ ಮೇಲೆ ನಿಜಕ್ಕೂ ಮುಗಿದಿತ್ತು.

ಬೆಟ್ಟದಲ್ಲಿ ಮುಗಿಯಲಿಲ್ಲ.

ಹೊಸದೇನು ಅನ್ನುವ ಮೂರನೇ ಸಾಲನ್ನು ಬೇಗ ದಾಟಿಬಿಡೋಣ, ಏಕೆಂದರೆ ಅದರಲ್ಲಿ ಅರ್ಧ ಬರೀ ಪರದೆಗಳು. ಪೋಲಾರಿಸ್‌ನಲ್ಲಿ 7 ಇಂಚಿನ ಟಚ್‌ಸ್ಕ್ರೀನ್, ಸ್ಕೀ-ಡೂನಲ್ಲಿ 10.25 ಇಂಚಿನದು. ಮ್ಯಾಪ್ ಇರುತ್ತದೆ, ಜೊತೆಗಾರರು ಎಲ್ಲಿದ್ದಾರೆ ಅನ್ನೋದು ಕಾಣುತ್ತದೆ, ಚೆನ್ನಾಗಿದೆ. ದಪ್ಪ ಗ್ಲೌಸ್ ಹಾಕಿಕೊಂಡು, ಹಿಮ ಬೀಳುತ್ತಿರುವಾಗ ಅದನ್ನು ಮುಟ್ಟಿ ನೋಡಿ, ಆಮೇಲೆ ಮಾತಾಡೋಣ. ಕೈ ಮೈ ಮುಟ್ಟುವ ಹೊಸತನಗಳು ಬೇರೆ. ಪೋಲಾರಿಸ್ 2013ರ ಮಾದರಿಯಿಂದಲೇ ಪವರನ್ನು ಟ್ರ್ಯಾಕ್‌ಗೆ ಮುಟ್ಟಿಸುವ ಚೈನು, ಚೈನ್‌ಕೇಸ್, ಅದರೊಳಗಿನ ಎಣ್ಣೆ ಎಲ್ಲಾ ತೆಗೆದು ಬೆಲ್ಟ್ ಹಾಕಿದ ಕ್ವಿಕ್‌ಡ್ರೈವ್. ಆರ್ಕ್ಟಿಕ್ ಕ್ಯಾಟ್‌ನ ಆಲ್ಫಾ ಒನ್: ಹಿಂದಿನ ಸಸ್ಪೆನ್ಷನ್‌ನಲ್ಲಿ ಎರಡು ಹಳಿಯ ಬದಲು ನಡುವೆ ಒಂದೇ ಹಳಿ. ಟ್ರ್ಯಾಕ್‌ನ ಎರಡೂ ಅಂಚು ಬಾಗುತ್ತದೆ, ಸ್ಲೆಡ್ಡನ್ನು ಪಕ್ಕಕ್ಕೆ ಒರಗಿಸುವುದು ಸೈಕಲ್ ಒರಗಿಸಿದಷ್ಟು ಸಲೀಸು. ಸ್ಕೀ-ಡೂದು ಶಾಟ್ ಅನ್ನುವ ಸ್ಟಾರ್ಟರ್. ಅದರ ವಿಷಯ ಆಮೇಲೆ ಬರುತ್ತದೆ.

ಈಗ ಮತ್ತೆ ಆ ಫರ್ ಮರದ ಹತ್ತಿರ ಹೋಗೋಣ. ಅಗೆದು, ಎಳೆದು, ಹಳೆ 800ನ್ನು ಹೊರಗೆ ತಂದಾಗ ಹನ್ನೊಂದು ದಾಟಿತ್ತು. ಅಲ್ಲಿಂದ ಸ್ಲೆಡ್ ಅದಲು ಬದಲು ಶುರು.

ಮೊದಲು ಟರ್ಬೊ ಆರ್. ಗೆಳೆಯ ಹತ್ತಿದ, ಒಂದು ತೆರೆದ ಇಳಿಜಾರಿನಲ್ಲಿ ಥ್ರಾಟಲ್ ಒತ್ತಿದ, ಮಾಯವಾದ. ಹಿಂದೆ ಬರೀ ಬಿಳಿ ಪುಡಿ. ವಾಪಸ್ ಬಂದಾಗ ಮುಖದ ಮೇಲಿನ ನಗು ಹೆಲ್ಮೆಟ್ ಮೀರಿ ಕಾಣುತ್ತಿತ್ತು. ಆಮೇಲೆ ಮರಗಳ ನಡುವೆ ಹೊಕ್ಕ. ಅಲ್ಲಿ ಬೇರೆ ಆಟ. ಎರಡು ಮರದ ಸಂದಿನಲ್ಲಿ, ಇಳಿಜಾರಿಗೆ ಅಡ್ಡಲಾಗಿ, ಒಂದು ಸ್ಕೀ ಮೇಲೆತ್ತಿಕೊಂಡು ನಿಧಾನಕ್ಕೆ ಹೋಗುವಾಗ ಬೇಕಿರುವುದು ಒಂದು ಚಿಟಿಕೆ ಪವರ್. ಅವನ ಹೆಬ್ಬೆರಳು ಹಳೆ ಸ್ಲೆಡ್‌ನ ಲೆಕ್ಕದಲ್ಲೇ ಒತ್ತುತ್ತಿತ್ತು. ಒಂದು ಹಿಡಿ ಬಂತು. ಟ್ರ್ಯಾಕ್ ಮೇಲಿನ ಮೂರಿಂಚಿನ ಲಗ್‌ಗಳು, ಅಂದ್ರೆ ರಬ್ಬರ್ ಹಲ್ಲುಗಳು, ಹಿಮವನ್ನು ಅಗೆದು ಹಿಂದಕ್ಕೆ ಎಸೆದವು, ಟ್ರ್ಯಾಕ್ ಕೆಳಗೆ ಕಾಲುವೆ ಬಿತ್ತು, ಬಾಲ ಕೂತಿತು. ನಾವು ಇದಕ್ಕೆ ಟ್ರೆಂಚ್ ಹಾಕೋದು ಅಂತೀವಿ. ಸ್ಲೆಡ್‌ನ ತಪ್ಪೇನೂ ಇಲ್ಲ. ಅದರ ಒಡೆಯ ಅದೇ ಜಾಗದಲ್ಲಿ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಹೋಗಿದ್ದ. ಅವನು ವರ್ಷಕ್ಕೆ 40 ದಿನ ಓಡಿಸುತ್ತಾನೆ, ನಮ್ಮ ಗೆಳೆಯ 12 ದಿನ.

ಆದರೆ ಆ ಸ್ಟಕ್‌ನಲ್ಲಿ ನಡೆದ ಒಂದು ಸಣ್ಣ ಸಂಗತಿ ಆಮೇಲೆ ಎಲ್ಲವನ್ನೂ ತಿರುಗಿಸಿತು. ಬಾಲ ಎತ್ತಿ ಪಕ್ಕಕ್ಕಿಟ್ಟೆವು, ಹಿಮ ತುಳಿದು ಗಟ್ಟಿ ಮಾಡಿದೆವು. ಗೆಳೆಯ ಅಭ್ಯಾಸಬಲದಲ್ಲಿ ಹಗ್ಗಕ್ಕೆ ಕೈ ಹಾಕಿದ. ಒಡೆಯ ಮೇಲಿನಿಂದ ಕೂಗಿದ, "ಬಟನ್ ಒತ್ತೋ ಮಾರಾಯಾ!" ಒತ್ತಿದ. ಹೊತ್ತಿಕೊಂಡಿತು.

ಶಾಟ್ ಅಂದ್ರೆ ಇದೇ. ಬ್ಯಾಟರಿ ಇಲ್ಲ, ಬೇರೆ ಸ್ಟಾರ್ಟರ್ ಮೋಟಾರೂ ಇಲ್ಲ. ಬೆಳಗ್ಗೆ ಒಂದು ಸಲ ಹಗ್ಗ ಎಳೆದು ಶುರು ಮಾಡಬೇಕು. ಎಂಜಿನ್ ತಿರುಗುತ್ತಿದ್ದಂತೆ ಕರೆಂಟು ಹಿಡಿದಿಡುವ ಒಂದು ಅಲ್ಟ್ರಾಕೆಪಾಸಿಟರ್ ಕ್ಷಣದಲ್ಲಿ ಚಾರ್ಜ್ ಆಗುತ್ತದೆ. ಮುಂದಿನ ಸಲ ಬಟನ್ ಒತ್ತಿದರೆ ಆ ಕರೆಂಟು, ಎಂಜಿನ್‌ನಲ್ಲಿ ಕರೆಂಟು ಹುಟ್ಟಿಸುವ ಮ್ಯಾಗ್ನೆಟೊವನ್ನೇ ಮೋಟಾರಿನಂತೆ ತಿರುಗಿಸಿ ಎಂಜಿನ್ ಹೊತ್ತಿಸುತ್ತದೆ. ಬ್ಯಾಟರಿ ಹೊರುವ ಕರ್ಮ ಇಲ್ಲದೆ ಎಲೆಕ್ಟ್ರಿಕ್ ಸ್ಟಾರ್ಟ್. ಪೋಲಾರಿಸ್‌ನಲ್ಲೂ ಎಲೆಕ್ಟ್ರಿಕ್ ಸ್ಟಾರ್ಟ್ ಹಾಕಿಸಬಹುದು, ಆದರೆ ಅದು ಬ್ಯಾಟರಿ ಇರುವ ಮಾಮೂಲು ಬಗೆ, ತೂಕ ಸೇರುತ್ತದೆ. ನನ್ನ 9ಆರ್‌ಗೆ ಹಗ್ಗವೇ ಗತಿ. ತೂಕ ಉಳಿಸಿದೆ ಎಂದು ನಾನು ಬೀಗುತ್ತಿದ್ದುದು ಅದನ್ನೇ.

ಮಧ್ಯಾಹ್ನ ಅವನು ನನ್ನ ಸ್ಲೆಡ್ ತೆಗೆದುಕೊಂಡ. ನಾನು ಹೇಳುವುದು ಪಕ್ಷಪಾತ ಅನ್ನಿಸಿದರೂ ಸರಿ, ಅವನು ಅತಿ ಚೆನ್ನಾಗಿ ಓಡಿಸಿದ್ದು ಅದನ್ನೇ. ಆರ್‌ಎಂಕೆ ಟ್ರ್ಯಾಕ್ 15 ಇಂಚು ಅಗಲ, ಸಮ್ಮಿಟ್‌ನದು 16. ಒಂದಿಂಚು ಕಡಿಮೆ ಇದ್ದರೆ ಪಕ್ಕಕ್ಕೆ ಒರಗಿಸುವುದು ಸುಲಭ, ತೇಲುವುದು ಒಂಚೂರು ಕಡಿಮೆ. 9ಆರ್ ಥ್ರಾಟಲ್ ಒತ್ತಿದ ತಕ್ಷಣ ಸ್ಪಂದಿಸುತ್ತದೆ, ಒತ್ತಿದಷ್ಟೇ ಕೊಡುತ್ತದೆ. ಒಂದು ಗಂಟೆ ಓಡಿಸಿ ಒಂದೇ ಸಲ ಸಿಕ್ಕಿಹಾಕಿಕೊಂಡ. ಆ ಒಂದು ಸಲ, ನೋಡಿ, ಇಳಿಜಾರಿನ ಕೆಳಗಡೆ ನಿಂತು, ತಲೆಗಿಂತ ಎತ್ತರದಲ್ಲಿದ್ದ ಹಿಡಿಗೆ ಕೈ ಚಾಚಿ ಹಗ್ಗ ಎಳೆಯಬೇಕಾಯಿತು. ಒಂದೇ ಎಳೆತಕ್ಕೆ ಸ್ಟಾರ್ಟ್ ಆಯಿತು. ಆದರೂ ಅವನು ಎರಡು ನಿಮಿಷ ಸೀಟಿನ ಮೇಲೆ ಸುಮ್ನೆ ಕೂತಿದ್ದ.

ಆರ್ಕ್ಟಿಕ್ ಕ್ಯಾಟ್ ಅವನಿಗೆ ಮೋಹ ಹಿಡಿಸಿತು. ಒರಗಿಸುವುದು, ತಿರುಗಿಸುವುದು ಎಲ್ಲಾ ಬಲು ಹಗುರ. ಆ ದಿನ ಮೂರನ್ನೂ ನೋಡಿದ ಮೇಲೆ, ಮರಗಳ ನಡುವೆ ಹೊಸಬನ ಕೈಗೆ ಕೊಡಬೇಕಾದ್ದು ಅದನ್ನೇ ಅಂತ ನನಗೂ ಅನ್ನಿಸಿತು. ತೊಡಕಿದ್ದದ್ದು ಬೇರೆ ಕಡೆ. ಕಂಪನಿಯ ಒಡೆತನ ಆಗ ಟೆಕ್ಸ್‌ಟ್ರಾನ್ ಕೈಯಲ್ಲಿತ್ತು, 2017ರಿಂದ. 2024ರ ಡಿಸೆಂಬರ್‌ನಲ್ಲಿ ಅವರು ಉತ್ಪಾದನೆ ನಿಲ್ಲಿಸುವ ಮಾತಾಡಿದ್ದರು. ಯಮಹಾ ಅಂತೂ ಸ್ನೋಮೊಬೈಲ್ ಬಿಟ್ಟೇ ಹೋಗುತ್ತೇವೆ ಎಂದು 2023ರಲ್ಲೇ ಹೇಳಿಯಾಗಿತ್ತು. 20 ಸಾವಿರ ಡಾಲರ್ ಹತ್ತಿರ ಹತ್ತಿರ ಕೊಟ್ಟು ತಂದ ಗಾಡಿಗೆ ಮೂರು ವರ್ಷದ ಮೇಲೆ ಒಂದು ಬುಶಿಂಗ್ ಬೇಕಾದರೆ ಯಾರನ್ನು ಕೇಳೋದು? ಈಗ ಹಿಂದಿರುಗಿ ನೋಡಿದರೆ ಆ ಭಯ ಅಷ್ಟು ಬೇಕಿರಲಿಲ್ಲವೇನೋ. 2025ರ ಏಪ್ರಿಲ್‌ನಲ್ಲಿ, ಹಿಂದೆ ಅದೇ ಕಂಪನಿಯಲ್ಲಿ ದುಡಿದಿದ್ದವರೊಬ್ಬರ ಮುಂದಾಳತ್ವದ ಗುಂಪು ಅದನ್ನು ಕೊಂಡಿತು. ಆದರೆ ಸ್ಪ್ರಿಂಗ್ ಆರ್ಡರ್ ಕೊಡುವ ಹೊತ್ತು ಮಾರ್ಚ್. ಮುಂದಿನ ಚಳಿಗಾಲದ ಒಳ್ಳೆ ಪ್ಯಾಕೇಜ್‌ಗಳೆಲ್ಲ ಆಗಲೇ ಬುಕ್ ಆಗುತ್ತವೆ. ಏಪ್ರಿಲ್ ಸುದ್ದಿ ಮಾರ್ಚಿನಲ್ಲಿ ಗೊತ್ತಿರುವುದಿಲ್ಲ.

ಇಲ್ಲೊಂದು ಅಡ್ಡ ಮಾತು. ಬೆಟ್ಟದ ಸ್ಲೆಡ್‌ಗಳ ಈ ಜಗಳದಲ್ಲಿ ಪೋಲಾರಿಸ್, ಆರ್ಕ್ಟಿಕ್ ಕ್ಯಾಟ್ ಎರಡರ ತವರೂ ಮಿನೆಸೋಟ ರಾಜ್ಯದ ರೋಸೋ ಮತ್ತು ಥೀಫ್ ರಿವರ್ ಫಾಲ್ಸ್. ಒಂದರಿಂದ ಇನ್ನೊಂದಕ್ಕೆ ಗಂಟೆಯ ಮೇಲೆ ಸ್ವಲ್ಪ ದಾರಿ. ನೆಲ ಚಪಾತಿ ಹಾಗೆ ಚಪ್ಪಟೆ. ಆರ್‌ಎಂಕೆ ಅಂದ್ರೆ ರಾಕಿ ಮೌಂಟನ್ ಕಿಂಗ್, ಆ ರಾಜ ಹುಟ್ಟುವುದು ಬೆಟ್ಟವೇ ಇಲ್ಲದ ಊರಲ್ಲಿ. ಸ್ಕೀ-ಡೂ ಕ್ವಿಬೆಕ್‌ನ ವಾಲ್ಕೂರ್‌ನದು, ಬೊಂಬಾರ್ಡಿಯೆ 1959ರಲ್ಲಿ ಶುರು ಮಾಡಿದ್ದು.

ಸಂಜೆ ಲಾಡ್ಜ್‌ನಲ್ಲಿ ಕೂತು ಹಾಳೆ ಮತ್ತೆ ತೆರೆದೆವು. ಟರ್ಬೊದ ಶೇಕಡಾ 40 ಇನ್ನೂ ಅಲ್ಲೇ ಇತ್ತು, ಲೆಕ್ಕ ತಪ್ಪಿರಲಿಲ್ಲ. ನಾನು ಒಂದೇ ಪ್ರಶ್ನೆ ಕೇಳಿದೆ: ಇವತ್ತು ಪವರ್ ಸಾಲದೆ ಎಷ್ಟು ಸಲ ನಿಂತೆ? ಯೋಚಿಸಿದ. ಒಂದು ಸಲ, ಬಹುಶಃ. ಸಿಕ್ಕಿಹಾಕಿಕೊಂಡದ್ದು ಎಷ್ಟು ಸಲ? ಏಳು. ಏಳರಲ್ಲಿ ಆರು ಸಲ ಮರ, ಗುಂಡಿ, ಹೆಬ್ಬೆರಳು. ಪ್ರತಿ ಸಲವೂ ಎಂಜಿನ್ ಆಫ್, ಅಗೆತ, ಬಾಲ ಎತ್ತುವುದು, ಮತ್ತೆ ಸ್ಟಾರ್ಟ್.

ಟರ್ಬೊ ಒಡೆಯ ಇನ್ನೊಂದು ಮಾತು ಸೇರಿಸಿದ, ಅದು ನನಗೆ ಹಿಡಿಸಿತು. ಅಷ್ಟು ಪವರ್ ಇದ್ದರೆ, ಹತ್ತಲು ಆಗದೇ ಇದ್ದ ಇಳಿಜಾರುಗಳೆಲ್ಲ ಹತ್ತಲು ಆಗುವ ಇಳಿಜಾರುಗಳಾಗುತ್ತವೆ. ಹಿಮಕುಸಿತ ಜಾಸ್ತಿ ಆಗುವುದು 30ರಿಂದ 45 ಡಿಗ್ರಿ ಇಳಿಜಾರುಗಳಲ್ಲಿ. ಮುಂಚೆ ಸ್ಲೆಡ್ಡೇ ಸಾಕಪ್ಪಾ ಅನ್ನುತ್ತಿತ್ತು, ಈಗ ನಾನೇ ಹೇಳಿಕೊಳ್ಳಬೇಕು ಅಂದ. ಅವನು ಬೆಳಗ್ಗೆ ಬ್ರಿಡ್ಜರ್-ಟೀಟನ್ ಹಿಮಕುಸಿತ ಕೇಂದ್ರದ ಮುನ್ಸೂಚನೆ ಓದದೆ ಬೂಟು ಹಾಕಿಕೊಳ್ಳುವವನಲ್ಲ. ನಮ್ಮ ಗೆಳೆಯನಿಗೆ ಬೀಕನ್‌ನ (ಹಿಮದಡಿ ಹೂತವರನ್ನು ಹುಡುಕಲು ಸಿಗ್ನಲ್ ಕಳಿಸುವ ಸಾಧನ) ಬ್ಯಾಟರಿ ಬದಲಾಯಿಸುವುದನ್ನೇ ಇನ್ನೊಬ್ಬರು ನೆನಪಿಸಬೇಕು.

ಕೊನೆಗೆ ಅವನು ಆರಿಸಿದ್ದು ಅವತ್ತು ಬೆಟ್ಟದಲ್ಲಿ ಇಲ್ಲದೇ ಇದ್ದ ಬೇರೊಂದು ಸ್ಲೆಡ್ಡನ್ನು: ಸಮ್ಮಿಟ್ 850, ಟರ್ಬೊ ಇಲ್ಲದ್ದು, 154 ಇಂಚಿನ ಟ್ರ್ಯಾಕ್, ಶಾಟ್ ಇರುವುದು. 165 ಇಂಚಿನದನ್ನು ತಗೋ, ಚೆನ್ನಾಗಿ ತೇಲುತ್ತದೆ ಎಂದು ಡೀಲರ್ ಹೇಳಿದ್ದಕ್ಕೆ, ಮರದ ಸಂದಿನಲ್ಲಿ ತಿರುಗಿಸೋದು ನೀವಾ ನಾನಾ ಅಂದನಂತೆ. ನಾನಾಗಿದ್ದರೆ 9ಆರ್‌ಗೆ ಎಲೆಕ್ಟ್ರಿಕ್ ಸ್ಟಾರ್ಟ್ ಹಾಕಿಸಿಕೊಂಡು ಆ ತೂಕವನ್ನು ಅರ್ಧ ಟ್ಯಾಂಕ್ ಪೆಟ್ರೋಲ್‌ನಲ್ಲಿ ಸರಿದೂಗಿಸುತ್ತಿದ್ದೆ. ಹಾಗೆಂದು ಹೇಳಿಯೂ ನೋಡಿದೆ. ಅವನು ಕೇಳಲಿಲ್ಲ, ಈಗಲೂ ಆ ವಾದ ಮುಗಿದಿಲ್ಲ. ಎಕ್ಸೆಲ್ ಹಾಳೆಯಲ್ಲಿ ಆ ಸ್ಲೆಡ್ ಪವರ್‌ನಲ್ಲೂ ಮೊದಲಲ್ಲ, ತೂಕದಲ್ಲೂ ಮೊದಲಲ್ಲ. ಅವನು ಹಾಳೆಗೆ ನಾಲ್ಕನೇ ಸಾಲು ಸೇರಿಸಿ, "ಭುಜ" ಎಂದು ಬರೆದು, ಒಂದೇ ಕಾಲಂನಲ್ಲಿ ಟಿಕ್ ಹಾಕಿದ್ದ.

ಡಿಸೆಂಬರ್‌ನಲ್ಲಿ ಮೊದಲ ಸವಾರಿಗೆ ಹೋದೆವು. ಮಧ್ಯಾಹ್ನದೊಳಗೆ ಅವನು ನಾಲ್ಕು ಸಲ ಸಿಕ್ಕಿಹಾಕಿಕೊಂಡ. ನಾಲ್ಕೂ ಸಲ ಅಗೆದು, ತುಳಿದು, ಬಟನ್ ಒತ್ತಿ ಹೊರಟ. ಬೆಳಗ್ಗಿನ ಮೊದಲ ಎಳೆತವನ್ನು ಮಾತ್ರ ಶಾಟ್ ಮಾಡಿಕೊಡುವುದಿಲ್ಲವಲ್ಲ, ಅದಕ್ಕೆ ಪಾರ್ಕಿಂಗ್ ಜಾಗದಲ್ಲಿ ನನ್ನ ಕಡೆ ನೋಡಿ ಕಣ್ಣು ಮಿಟುಕಿಸುತ್ತಾನೆ. ನಾನು ನನ್ನ ಸ್ಲೆಡ್ ಬಿಟ್ಟು ಹೋಗಿ ಅವನದರ ಹಗ್ಗ ಎಳೆದು ಬರುತ್ತೇನೆ.